ಬಿಸ್ಕತ್ತು ಡಬ್ಬಿಯ ಸಂದೇಹಗಳು

ನಮ್ಮ ಭಾವನವರಿಗೆ ಬರುವುದು ಒಂದೇ ನಾಟಕ. ಹಳೆಯ ನಾಟಕ, ಸೇಡಿನ ನಾಟಕ, ಕೊನೆಗೆ ರಂಗದ ಮೇಲೆ ಬಿದ್ದ ಹೆಣ ಎತ್ತುವುದಕ್ಕೂ ಒಬ್ಬರೂ ಉಳಿಯದ ನಾಟಕ. ಕಾಲೇಜಿನಲ್ಲಿ ಅದು ಅವರಿಗೆ ಪಠ್ಯವಾಗಿತ್ತು. ಜೊತೆಯವರು ಪರೀಕ್ಷೆ ಮುಗಿದ ಮೇಲೆ ಪುಸ್ತಕವನ್ನು ರದ್ದಿಗೆ ಹಾಕಿದರು. ಭಾವ ಅದನ್ನು ಬಗಲಿಗೆ ಸಿಕ್ಕಿಸಿಕೊಂಡೇ ನೀರು ಸರಬರಾಜು ಕಚೇರಿಯ ಗುಮಾಸ್ತರಾದರು, ಅದನ್ನು ಸಿಕ್ಕಿಸಿಕೊಂಡೇ ನನ್ನ ಅಕ್ಕನನ್ನು ನೋಡಲು ಬಂದರು. ಆಗ ನಾನಿನ್ನೂ ಶಾಲೆಯಲ್ಲಿದ್ದೆ. ಪುಸ್ತಕ ಹಿಡಿದ ಗಂಡಸು ಬುದ್ಧಿವಂತನೇ ಇರಬೇಕು ಎಂದು ನಮ್ಮ ಅಮ್ಮ ನಂಬಿದರು. ಅಮ್ಮನ ಮೇಲೆ ನನಗಿರುವ ದೂರು ಅದೊಂದೇ.

ನಾಟಕದ ಕತೆ ಇಷ್ಟೇ. ಒಬ್ಬ ಸೇನಾಪತಿಯ ತಮ್ಮನನ್ನು ಮಂತ್ರಿ ಮೋಸದಿಂದ ಕೊಲ್ಲಿಸುತ್ತಾನೆ. ಸೇನಾಪತಿ ಶಪಥ ಮಾಡುತ್ತಾನೆ. ಹೆಂಡತಿ ಹೊಸ್ತಿಲ ಮೇಲೆ ನಿಂತು ಅವನ ಸೊಂಟಕ್ಕೆ ಪಟ್ಟಿ ಬಿಗಿದು, ‘ಬೇಗ ಬನ್ನಿ’ ಎನ್ನುತ್ತಾಳೆ. ಅವನು ವೇಷ ಮರೆಸಿಕೊಂಡು ಮಂತ್ರಿಯ ಅರಮನೆಯಲ್ಲಿ ದೀಪ ಹಚ್ಚುವ ಆಳಾಗಿ ಸೇರಿ ವರ್ಷಗಟ್ಟಲೆ ಹೊಂಚು ಹಾಕುತ್ತಾನೆ. ಕೊನೆಯ ಅಂಕದಲ್ಲಿ ಮಂತ್ರಿಯ ಮಗಳ ಮದುವೆ. ಅವನು ಬಾಗಿಲು ಜಡಿದು, ಅದೇ ದೀಪದಿಂದ ಸಭಾಂಗಣಕ್ಕೆ ಬೆಂಕಿ ಇಡುತ್ತಾನೆ. ಎಲ್ಲರೂ ಸುಟ್ಟು ಬೂದಿ, ಅವನೂ ಸೇರಿ.

ಭಾವ ತಮ್ಮನ್ನು ಆ ಸೇನಾಪತಿ ಎಂದೇ ತಿಳಿದಿದ್ದರು. ಅವರಿಗೂ ಒಬ್ಬ ಶತ್ರು ಇದ್ದ: ನಮ್ಮ ಬೀದಿ ತಿರುವಿನ ಔಷಧಿ ಅಂಗಡಿಯವರು. ಆ ಮನುಷ್ಯ ಮಾಡಿದ ಪಾತಕವೇನೆಂದರೆ, ಭಾವ ಈ ನಾಟಕದ ಮೇಲೆ ಮೊದಲ ಸಲ ಭಾಷಣ ಮಾಡಿದಾಗ ಮುಂದಿನ ಸಾಲಿನಲ್ಲಿ ಕೂತು ಆಕಳಿಸಿದ್ದು. ಒಂದು ಸಲವಲ್ಲ, ಎರಡು ಸಲ. ಆಮೇಲೆ ಎದ್ದು ಹೋದದ್ದು.

ಇದಕ್ಕೆ ಭಾವ ಹೂಡಿದ ಸೇಡು ಎಂಥದ್ದು ಗೊತ್ತೇ? ಔಷಧಿ ಅಂಗಡಿಯವರು ಮನೆಗೆ ಹೊಸ ನಲ್ಲಿ ಬೇಕೆಂದು ಕೊಟ್ಟ ಅರ್ಜಿ ಅದೇ ವರ್ಷ ಭಾವನ ಮೇಜಿಗೆ ಬಂತು. ಭಾವ ಅದನ್ನು ಕಟ್ಟಿನ ತಳಕ್ಕೆ ಸೇರಿಸಿದರು. ಮೇಲಿನವು ಖಾಲಿಯಾಗಿ ಅದು ಮೇಲೆ ಬಂದಾಗಲೆಲ್ಲ ಮತ್ತೆ ತಳಕ್ಕೆ.

“ಅವನು ಒಳಗೊಳಗೇ ಬೇಯ್ತಿದಾನೆ,” ಎಂದು ಊಟಕ್ಕೆ ಕೂತಾಗ ಮೀಸೆ ಒರೆಸಿಕೊಂಡು ಹೇಳುತ್ತಿದ್ದರು. “ಯಾಕೆ ಅಂತ ಅವನಿಗೆ ಗೊತ್ತು. ಬಾಯಿ ಬಿಡೋ ಹಾಗಿಲ್ಲ.”

ಅಕ್ಕ ಇನ್ನೊಂದು ಸೌಟು ಬಡಿಸುತ್ತಿದ್ದಳು.

ನಾನು ಇದನ್ನೆಲ್ಲ ನಕ್ಕು ಬಿಡುತ್ತಿದ್ದೆ, ಹೋದ ವರ್ಷದ ತನಕ. ಹಲ್ಲು ಬರುವ ಹೊತ್ತಿಗೆ ನನ್ನ ಮಗಳಿಗೆ ಜ್ವರ ಏರಿತು. ಅಕ್ಕನ ಮನೆಯಲ್ಲೇ ಇದ್ದೆ. ಹಣೆಗೆ ಒದ್ದೆ ಬಟ್ಟೆ ಒತ್ತುತ್ತಾ, “ಭಾವ, ಓಡಿ ಹೋಗಿ ಸಿರಪ್ ತನ್ನಿ,” ಅಂದೆ. ಅವರು ಓಡಿದ್ದೇನೋ ನಿಜ. ಆದರೆ ತಿರುವಿನ ಅಂಗಡಿಯ ಮುಂದೆ ತಲೆ ಎತ್ತಿಕೊಂಡು ಹಾದು, ರೈಲ್ವೆ ಗೇಟಿನಾಚೆಯ ಅಂಗಡಿಗೆ. ಗೇಟು ಹಾಕಿತ್ತು. ಸರಕಿನ ಗಾಡಿ. ಅವರು ಬೆವರು ಸುರಿಸಿಕೊಂಡು ಹಿಂತಿರುಗುವಷ್ಟರಲ್ಲಿ ಅಕ್ಕ ಚಪ್ಪಲಿ ಕೂಡ ಮೆಟ್ಟದೆ ತಿರುವಿಗೆ ಹೋಗಿ ತಂದು ಕುಡಿಸಿಯಾಗಿ, ಮಗು ನನ್ನ ಹೆಗಲ ಮೇಲೆ ನಿದ್ದೆ ಹೋಗಿತ್ತು.

“ತತ್ವ ಬಿಡೋಕಾಗಲ್ಲಮ್ಮಾ,” ಅಂದರು.

ಆವತ್ತಿನಿಂದ ಅವರ ತತ್ವ ಕಂಡರೆ ನನಗೆ ಮೈ ಉರಿ.

ಇನ್ನು ಬಿಸ್ಕತ್ತು ಡಬ್ಬಿಯ ವಿಷಯ. ನಮ್ಮ ಬಡಾವಣೆಯ ವಾಚನಾಲಯದಲ್ಲಿ ಭಾನುವಾರ ಸಂಜೆ ಭಾವನ ‘ಸಂದೇಹ ಪರಿಹಾರ’ ನಡೆಯುತ್ತದೆ. ಮುಚ್ಚಳಕ್ಕೆ ಸೀಳು ಕೊರೆದ ದೊಡ್ಡ ಬಿಸ್ಕತ್ತು ಡಬ್ಬಿಯನ್ನು ಪತ್ರಿಕೆಗಳ ಮೇಜಿನ ಮೇಲೆ ಇಟ್ಟಿರುತ್ತಾರೆ. ನಾಟಕ ಓದಿದವರು ಸಂದೇಹವನ್ನು ಚೀಟಿಯಲ್ಲಿ ಬರೆದು ಹಾಕಬೇಕು, ಭಾವ ಒಂದೊಂದೇ ಎತ್ತಿ ಪರಿಹರಿಸಬೇಕು. ಮೊದಮೊದಲು ನಿಜವಾಗಿ ಓದುವವರೇ ಕೇಳುತ್ತಿದ್ದರು. ಸೇನಾಪತಿ ಮೊದಲ ದಿನವೇ ಯಾಕೆ ಇರಿದು ಹಾಕಲಿಲ್ಲ ಎಂದು ಚಪ್ಪಲಿ ಅಂಗಡಿಯವರು ಕೇಳಿದರು. ಮದುಮಗಳದು ಏನು ತಪ್ಪು, ಅವಳೂ ಯಾಕೆ ಸುಡಬೇಕು ಎಂದು ಅಂಗನವಾಡಿಯ ಟೀಚರು ಕೇಳಿದರು. ಒಳ್ಳೆಯ ಪ್ರಶ್ನೆಗಳು. ಭಾವನ ಉತ್ತರ ಯಾವುದಕ್ಕೂ ಒಂದೇ: ದೊಡ್ಡ ಮನಸ್ಸಿನವರ ಸೇಡು ನಿಧಾನ, ಸಣ್ಣ ಮನಸ್ಸಿನವರಿಗೆ ಅದು ಅರ್ಥವಾಗದು. ಇದನ್ನು ಅವರು ವಾಚನಾಲಯದವನು ಬೀಗದ ಕೈ ಕುಲುಕಿಸುವ ತನಕ ಹೇಳುತ್ತಿದ್ದರು. ಟೀಚರು ಮತ್ತೆ ಬರಲಿಲ್ಲ. ಚಪ್ಪಲಿ ಅಂಗಡಿಯವರು ಬರುತ್ತಾರೆ, ಅಲ್ಲಿ ಫ್ಯಾನು ಚೆನ್ನಾಗಿ ತಿರುಗುತ್ತದೆ ಎಂದು. ಡಬ್ಬಿ ಬರಿದಾಯಿತು.

ಬರಿ ಡಬ್ಬಿಯ ಮುಂದೆ ಕೂರುವ ಜೀವವೇ ನಮ್ಮ ಭಾವನದು? ಶನಿವಾರ ಮನೆಯಲ್ಲಿ ಸಂದೇಹಗಳನ್ನು ಅವರೇ ಹುಟ್ಟಿಸತೊಡಗಿದರು. ತಮ್ಮ ಅಕ್ಷರ ಎಲ್ಲರಿಗೂ ಗೊತ್ತಲ್ಲ, ಅದಕ್ಕೆ ಅಕ್ಕನ ಕೈಯಲ್ಲಿ ಬರೆಸುವುದು. ಅಕ್ಕನ ಕೈ ಎಂಥದ್ದು! ಹೊಲಿಗೆ, ಕತ್ತರಿ, ಬರಹ, ಯಾವುದಕ್ಕೂ ಬಾಗುತ್ತದೆ.

“ಬರಿಯೇ. ‘ಮಾನ್ಯರೇ, ಮೂರನೇ ಅಂಕದಲ್ಲಿ ದೀಪ ಆರುವುದರ ಗೂಢಾರ್ಥವೇನು? ಇಂತಿ, ನಿವೃತ್ತ ಅಧಿಕಾರಿ.’ ಅಕ್ಷರ ಸ್ವಲ್ಪ ನಡುಗ್ಲಿ.”

ಅಕ್ಕ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದಳು. “ಅಧಿಕಾರಿ ಕೈ ಯಾಕ್ರೀ ನಡುಗುತ್ತೆ?”

“ವಯಸ್ಸಾಗಿದೆ ಕಣೇ.”

“ಹೋದ ವಾರ ಇವ್ರಿಗೇ ದುಂಡಗೆ ಬರೆಸಿದ್ರಿ.”

ಭಾವ ಗಲ್ಲ ಕೆರೆದುಕೊಂಡರು. “ಹಾಗಾದ್ರೆ ಇವ್ರ ಅಣ್ಣ ಅಂತ ಹಾಕು.”

ನೊಂದ ಯುವಕ ಓರೆಯಾಗಿ ಬರೆಯುತ್ತಿದ್ದ. ಕಾಲೇಜು ಕನ್ಯೆ ಪುಟ್ಟ ಪುಟ್ಟಗೆ. ಜಿಜ್ಞಾಸು ಎಂಬುವನು ಹಸಿರು ಶಾಯಿಯಲ್ಲಿ. ನನ್ನ ಮಗಳು ಅಂಬೆಗಾಲಿಟ್ಟು ಹೋಗಿ ಒಂದು ಸಲ ಜಿಜ್ಞಾಸುವನ್ನು ಬಾಯಿಗೆ ಹಾಕಿಕೊಂಡುಬಿಟ್ಟಳು. ಅವಳ ತುಟಿಯ ಹಸಿರು ಒರೆಸುವುದರೊಳಗೆ ನನಗೆ ಸಾಕಾಯಿತು. ಭಾವನಿಗೆ ಆ ಸಂದೇಹ ಹಾಳಾಯಿತಲ್ಲ ಎಂಬುದೇ ಚಿಂತೆ.

ಹೀಗೆ ನಡೆದಿರುವಾಗ ಅಕ್ಕನಿಗೆ ಒಂದು ಕೆಲಸ ಒದಗಿ ಬಂತು. ಪಕ್ಕದ ಬೀದಿಯಲ್ಲಿ ಶಾಲೆ, ಆಸ್ಪತ್ರೆಗಳಿಗೆ ಸಮವಸ್ತ್ರ ಹೊಲಿಯುವ ಕಾರ್ಖಾನೆ ಇದೆ. ಅಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಹಿರಿಯರಿಗೆ ಕಣ್ಣು ಮಂಜಾಯಿತು. ಅವರ ಜಾಗಕ್ಕೆ ಅಕ್ಕನನ್ನು ಕರೆದರು. ಅಕ್ಕ ಈವರೆಗೆ ಮಂಚದ ಅಂಚಿನಲ್ಲಿ ಕೂತು ನೆರೆಹೊರೆಯವರ ಬಟ್ಟೆ ಉದ್ದ ಗಿಡ್ಡ ಮಾಡಿಕೊಟ್ಟವಳು. ಕಾರ್ಖಾನೆಯ ಕತ್ತರಿಸುವ ಮೇಜು ಗೋಡೆಯಿಂದ ಗೋಡೆಯವರೆಗೆ ಇದೆ. “ಇಡೀ ಬಟ್ಟೆ ಥಾನು ಒಂದೇ ಸಲ ಹಾಸ್ಬಹುದು ಕಣೇ,” ಎಂದು ನನಗೆ ಹೇಳುವಾಗ ಅವಳ ಎರಡೂ ಕೈ ಅಗಲಕ್ಕೆ ಹೋದವು, ನಿಲ್ಲಲೇ ಇಲ್ಲ. ಅಷ್ಟು ಆಸೆಯಿಂದ ಅವಳು ಮಾತಾಡಿದ್ದನ್ನು ನಾನು ನೋಡಿದ್ದು ಮದುವೆಗೆ ಮುಂಚೆ.

ತೊಡಕು ಒಂದೇ. ಕಾರ್ಖಾನೆಯ ಒಡತಿ ಔಷಧಿ ಅಂಗಡಿಯವರ ಅಕ್ಕ.

“ನನ್ನ ಶತ್ರು ಮನೆ ಬಾಗಿಲಿಗೆ ನನ್ನ ಹೆಂಡತಿ ಹೋಗೋದಾ?” ಭಾವ ಎದ್ದು ನಿಂತುಬಿಟ್ಟರು. “ನನ್ನ ಇಷ್ಟು ವರ್ಷದ ಸಾಧನೆ ಏನಾಗ್ಬೇಕು?”

“ಯಾವ ಸಾಧನೆ ಭಾವ?” ನನಗೆ ತಡೆಯಲಾಗಲಿಲ್ಲ.

“ಸುಮ್ನಿರಮ್ಮಾ, ನಿನಗೆ ತಿಳಿಯಲ್ಲ.”

“ಸೋಮವಾರದೊಳಗೆ ಹೇಳ್ಬೇಕಂತೆ ರೀ,” ಅಂದಳು ಅಕ್ಕ. “ಇಲ್ಲಾಂದ್ರೆ ಬೇರೆಯವರನ್ನ ತಗೋತಾರಂತೆ.”

“ತಗೊಳ್ಳಲಿ. ಹ್ಞಾಂ, ಬರಿ. ‘ಮಾನ್ಯರೇ, ಸೇನಾಪತಿಯ ಮೌನದ ಮಹತ್ವವೇನು?’ ಇದು ನೊಂದ ಯುವಕ.”

ಅಕ್ಕ ಬರೆದಳು. ಓರೆಯಾಗಿಯೇ ಬರೆದಳು. ನನಗೆ ಅವಳ ಮೇಲೂ ಸಿಟ್ಟು ಬಂದು, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಮನೆಗೆ ಹೊರಟುಬಿಟ್ಟೆ.

ಆದರೂ ಭಾನುವಾರ ವಾಚನಾಲಯಕ್ಕೆ ಹೋದೆ. ನಾನೂ ಮಗಳೂ ಹೋಗದಿದ್ದರೆ ಸಭೆ ಎನ್ನಲು ಅಲ್ಲಿ ಇರುವುದು ಕುರ್ಚಿಗಳು. ಆ ಸಂಜೆ ಇಬ್ಬರು ಕಾಲೇಜು ಹುಡುಗಿಯರು ಬಂದಿದ್ದರು, ನಿಜವಾದವರು. ಆ ನಾಟಕ ಈ ವರ್ಷ ಮತ್ತೆ ಪಠ್ಯವಾಗಿದೆಯಂತೆ. ಭಾವ ಅವರನ್ನು ನೋಡಿದ್ದೇ ಕಾಲರು ಸರಿ ಮಾಡಿಕೊಂಡರು. ಚಪ್ಪಲಿ ಅಂಗಡಿಯವರು ಫ್ಯಾನಿನ ಕೆಳಗೆ ಕಣ್ಣು ಮುಚ್ಚಿದರು. ಅಕ್ಕ ಬಾಗಿಲ ಬಳಿಯ ಬೆಂಚಿನಲ್ಲಿ ಕೂತಳು.

ನಿವೃತ್ತ ಅಧಿಕಾರಿಯ ಅಣ್ಣನ ಸಂದೇಹ ಪರಿಹಾರವಾಯಿತು. ನೊಂದ ಯುವಕನದೂ ಆಯಿತು. ಭಾವ ಮೂರನೆಯ ಚೀಟಿ ಎತ್ತಿ, ತಾವೇ ಹೇಳಿ ಬರೆಸಿದ್ದು ತಾನೇ ಎಂಬ ಧೈರ್ಯದಿಂದ ದೊಡ್ಡ ದನಿಯಲ್ಲಿ ಓದತೊಡಗಿದರು.

“‘ಮಾನ್ಯರೇ, ಸೇನಾಪತಿ ಅಷ್ಟು ವರ್ಷ ಶತ್ರುವಿನ ಮನೆಯಲ್ಲಿ ದೀಪ ಹಚ್ಚುತ್ತಿದ್ದಾಗ ಅವನ ಮನೆಯ ದೀಪ ಹಚ್ಚಿದವರು ಯಾರು? ಹೊಸ್ತಿಲಲ್ಲಿ ನಿಂತಿದ್ದ ಹೆಂಡತಿ ಆಮೇಲೆ ಎಲ್ಲಿ...’”

ದನಿ ಅಲ್ಲಿಗೆ ಕುಗ್ಗಿತು. ಚೀಟಿ ತಿರುವಿ ನೋಡಿದರು. ನಾನು ಕತ್ತು ಉದ್ದ ಮಾಡಿ ಇಣುಕಿದೆ. ನಡುಕವಿಲ್ಲದ, ಓರೆಯಲ್ಲದ, ನಮ್ಮ ಅಕ್ಕನ ಸ್ವಂತ ಅಕ್ಷರ. ಶಾಲೆಯಲ್ಲಿ ನನ್ನ ಪುಸ್ತಕಗಳ ಮೇಲೆ ಹೆಸರು ಬರೆದುಕೊಟ್ಟ ಅಕ್ಷರ. ಭಾವನಿಗೆ ಅದು ಯಾರದೆಂದೇ ತಿಳಿಯಲಿಲ್ಲ. ಊರಿನವರ ಅಕ್ಷರವನ್ನೆಲ್ಲ ಅವಳ ಕೈಯಲ್ಲಿ ಬರೆಸಿದವರು, ಅವಳದನ್ನು ಎಂದೂ ಕೇಳಿರಲಿಲ್ಲ.

“ಯಾರ್ರೀ ಇದು ಬರೆದಿದ್ದು?” ಅಕ್ಕ ಸೆರಗಿನ ದಾರವೊಂದನ್ನು ಕಿತ್ತಳು.

“ನಮಗೂ ಅದೇ ಡೌಟು ಸಾರ್,” ಅಂದಳು ಒಬ್ಬ ಹುಡುಗಿ, ಪೆನ್ನಿನ ಮುಚ್ಚಳ ತೆಗೆಯುತ್ತಾ.

ಭಾವ ಗಂಟಲು ಸರಿಮಾಡಿಕೊಂಡರು. “ನೋಡಿ, ಇದು ಅಪ್ರಸ್ತುತ ಪ್ರಶ್ನೆ. ಹೆಂಡತಿ ಅನ್ನೋದು ಬರೀ ಪೀಠಿಕೆ. ಪಟ್ಟಿ ಬಿಗಿದ್ಲು, ಅಲ್ಲಿಗೆ ಅವಳ ಕೆಲಸ ಮುಗೀತು. ಆಮೇಲೆ ಅವಳು ಎಲ್ಲಿಗೆ ಹೋದ್ರೂ ಸೇಡಿಗೆ ಕೂದಲೆಳೆಯಷ್ಟೂ ವ್ಯತ್ಯಾಸ ಆಗಲ್ಲ.”

“ಎಲ್ಲಿಗಾದ್ರೂ ಹೋಗ್ಬಹುದಾ ಸಾರ್?”

“ಎಲ್ಲಿಗಾದ್ರೂ.”

ಇನ್ನೊಬ್ಬಳು ಕಿಸಕ್ಕೆಂದಳು. “ಮಂತ್ರಿ ಮನೆಗೇ ಕೆಲಸಕ್ಕೆ ಸೇರ್ಕೊಂಡ್ರೆ?”

“ಸೇರ್ಕೊಳ್ಳಲಿ! ಯಾರು ನೋಡ್ತಾರೆ ಅವಳನ್ನ? ಮಹಾ ನಾಟಕದಲ್ಲಿ ಇಂಥ ಸಣ್ಣಪುಟ್ಟದ್ದು ಲೆಕ್ಕಕ್ಕೇ ಬರಲ್ಲ.”

“ಬರ್ಕೊಳ್ಳಿ ಮಕ್ಕಳಾ,” ಎಂದಳು ಅಕ್ಕ ಬೆಂಚಿನಿಂದ. “ಪರೀಕ್ಷೆಗೆ ಬಂದ್ರೂ ಬಂತು.”

ಹುಡುಗಿಯರು ಬರೆದುಕೊಂಡರು. ಭಾವ ಅಕ್ಕನತ್ತ ತಿರುಗಿ ತಲೆದೂಗಿದರು, ಹೆಂಡತಿ ತಮ್ಮ ಮಾತನ್ನು ಎತ್ತಿ ಹಿಡಿದಳೆಂದು! ನನಗೆ ನಗು ಉಕ್ಕಿ ಬಂದು ಮಗಳ ಕತ್ತಿನಲ್ಲಿ ಮುಖ ಹುದುಗಿಸಿದೆ.

ಮರುದಿನ ಬೆಳಿಗ್ಗೆ ನಾನು ಹೋದಾಗ ಅಕ್ಕ ದೊಡ್ಡ ಕತ್ತರಿಯನ್ನು ಹಳೆಯ ಟವೆಲ್ಲಿನಲ್ಲಿ ಸುತ್ತುತ್ತಿದ್ದಳು. ಭಾವ ಒಂದು ಕಾಲಿಗೆ ಸಾಕ್ಸ್ ಹಾಕಿ ಇನ್ನೊಂದನ್ನು ಹುಡುಕುತ್ತಿದ್ದರು.

“ಎಲ್ಲಿಗೆ ಹೊರಟೆ?”

“ಎಲ್ಲಿಗಾದ್ರೂ.”

“ಹುಡುಗಾಟ ಆಡ್ಬೇಡ. ಆ ಕಾರ್ಖಾನೆಗೆ ಕಾಲಿಟ್ರೆ ನೋಡು!”

“ನೀವೇ ಹೇಳಿದ್ರಲ್ಲ, ಎಲ್ಲರ ಮುಂದೆ. ಎಲ್ಲಿಗೆ ಹೋದ್ರೂ ನಿಮ್ಮ ಸೇಡಿಗೇನೂ ಆಗಲ್ಲ ಅಂತ.” ಅಕ್ಕನ ದನಿ ಏರಲೂ ಇಲ್ಲ. “ಆ ಹುಡುಗೀರು ಬರ್ಕೊಂಡಿದಾರೆ. ತಪ್ಪು ಉತ್ತರ ಅಂತಾದ್ರೆ ಮುಂದಿನ ವಾರ ಹೇಳ್ಬಿಡಿ. ನಾನು ಆಗ ಬರ್ತೀನಿ.”

ತಮ್ಮ ಉತ್ತರ ತಪ್ಪು ಎಂದು ಒಪ್ಪುವುದಕ್ಕಿಂತ ಹೆಂಡತಿಯನ್ನು ಶತ್ರುವಿನ ಮನೆಗೆ ಕಳಿಸುವುದು ಭಾವನಿಗೆ ಸಲೀಸು. ಅಕ್ಕನಿಗೆ ಅದು ಗೊತ್ತಿತ್ತು. ಅವಳು ಅವರ ಇನ್ನೊಂದು ಸಾಕ್ಸನ್ನು ತಂತಿಯಿಂದ ತೆಗೆದು ಅವರ ಕೈಗಿಟ್ಟು ಹೊರಟಳು.

ಸಂಜೆ ಬಂದವಳ ತೋಳಿನ ತುಂಬ ಸೀಮೆಸುಣ್ಣದ ಪುಡಿ. ಬೆಳಗಿನಿಂದ ಬರಿ ನೀಲಿ ಬಟ್ಟೆ ಕತ್ತರಿಸಿದೆ, ಕಣ್ಣು ಮುಚ್ಚಿದರೂ ನೀಲಿ ಎಂದಳು. ನಕ್ಕಳು. ಭಾವ ಪತ್ರಿಕೆಯ ಹಿಂದೆ ಅಡಗಿದ್ದರು.

“ಔಷಧಿ ಅಂಗಡಿಯವರು ಬಂದಿದ್ರು ರೀ, ಅವ್ರ ಅಕ್ಕನ್ನ ನೋಡೋಕೆ. ‘ನಿಮ್ಮ ಯಜಮಾನ್ರು ಏನ್ಮಾಡ್ತಾರೆ’ ಅಂತ ಕೇಳಿದ್ರು.”

ಪತ್ರಿಕೆ ಕೆಳಗಿಳಿಯಿತು. “ನನ್ನ ಹೆಸರು ಕೇಳಿ ಬಿಳಿಚ್ಕೊಂಡ್ನಾ?”

“ನಿಮ್ಮ ಹೆಸರೇ ಅವ್ರಿಗೆ ಗೊತ್ತಿಲ್ಲ. ನೀರು ಕಚೇರಿ ಅಂದೆ. ‘ಹೌದಾ, ನಂದೊಂದು ನಲ್ಲಿ ಅರ್ಜಿ ಅಲ್ಲೆಲ್ಲೋ ಬಿದ್ದಿದೆ. ಅಲ್ಲಿ ಎಲ್ಲರದ್ದೂ ಹಾಗೇ ಅಲ್ವಾ, ನಾನು ಆಗಲೇ ಬೋರ್ ಹಾಕಿಸ್ಕೊಂಡೆ’ ಅಂದ್ರು. ಪಾಪ, ನಿಮ್ಮ ಮೇಲೆ ಬೇಜಾರೇನೂ ಇಲ್ಲ ಅವ್ರಿಗೆ.”

ಭಾವನ ಮುಖ ಆಗ ನೋಡಬೇಕಿತ್ತು. ಇಷ್ಟು ವರ್ಷದ ಹೊಂಚು ಮಾಮೂಲಿ ಕಚೇರಿ ವಿಳಂಬದಲ್ಲಿ ಬೆರೆತು ಹೋಗಿತ್ತು, ಗುರುತೇ ಸಿಗದ ಹಾಗೆ. ಅವರು ಮತ್ತೆ ಪತ್ರಿಕೆ ಎತ್ತಿದರು. ತಲೆಕೆಳಗಾಗಿ ಹಿಡಿದಿದ್ದರು ಎಂದು ಬರೆದರೆ ಚೆಂದ, ಆದರೆ ನೆಟ್ಟಗೇ ಹಿಡಿದಿದ್ದರು.

ಈಗ ಚೀಟಿ ಬರೆದುಕೊಡುವವರಿಲ್ಲ. ಮೊನ್ನೆ ಭಾನುವಾರ ಡಬ್ಬಿಯಲ್ಲಿ ಇದ್ದದ್ದು ಒಂದೇ, ಆ ಹುಡುಗಿಯರು ಹಾಕಿದ್ದು: ಹೆಂಡತಿ ಕೆಲಸಕ್ಕೆ ಹೋದ ಮೇಲೆ ಸೇನಾಪತಿಯ ಊಟದ ಗತಿ ಏನಾಯಿತು? ಭಾವ ‘ಅಪ್ರಸ್ತುತ’ ಎಂದು ಮಡಿಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಅಲ್ಲಿಂದ ನೆಟ್ಟಗೆ ನಮ್ಮ ಮನೆಗೆ ಬಂದರು. ಕಾರ್ಖಾನೆಯಲ್ಲಿ ಶಾಲೆ ಶುರುವಾಗುವ ಕಾಲದ ಅವಸರ, ಅಕ್ಕ ಭಾನುವಾರವೂ ಅಲ್ಲೇ. ನಾನು ಬಡಿಸಿದೆ. ಎರಡನೆಯ ಸಲವೂ ಹಾಕಿಸಿಕೊಂಡರು. ಮಗಳಿಗೂ ಒಂದು ತುತ್ತು ತಿನ್ನಿಸಿದರು, ಸುಳ್ಳು ಹೇಳಬಾರದು. ಕೈ ತೊಳೆಯಲು ಎದ್ದಾಗ ತಟ್ಟೆಯನ್ನೂ ಕೈಗೆ ಕೊಟ್ಟೆ.

“ಇದು?” ಅಂದರು.

“ಸೋಪು ಅಲ್ಲಿದೆ ಭಾವ,” ಅಂದೆ.