ಕರಡಿಗೊಂದು ಜೀವ ಕಳಿಸಿ

ಅಮ್ಮ ತಾನಾಗಿಯೇ ಹೊಸ ಕನ್ನಡಕ ಕೇಳಿದಳು ಎಂದರೆ, ಅದರಲ್ಲೇನು ವಿಶೇಷ ಎಂದು ನೀವು ಹುಬ್ಬೇರಿಸಬಹುದು. ಆದರೆ ಮಧುಗಿರಿಯ ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡ ನನ್ನಂಥವನ ಸಂಕಟ ನನಗೇ ಗೊತ್ತು. ಊರವರ ಕಣ್ಣಿಗೆಲ್ಲ ಬೆಳಕು ಹಂಚುತ್ತೇನೆಂದು ಬೀಗುವವನ ತಾಯಿಯೇ, ಒಂದು ಕಾಲು ಮುರಿದು ದಾರ ಕಟ್ಟಿಸಿಕೊಂಡ ಹಳೆಯ ಕನ್ನಡಕದಲ್ಲಿ ಅಕ್ಕಿ ಆರಿಸುತ್ತ, "ನಂಗ್ಯಾಕ್ಲಾ ಹೊಸದು? ನಾನೇನ್ ಪೇಪರ್ ಓದಬೇಕಾ?" ಎಂದು ವರ್ಷಗಟ್ಟಲೆ ನನ್ನನ್ನು ಸಾಗಹಾಕಿದ್ದಳು. ಅಂಥವಳು ಒಂದು ಬೆಳಿಗ್ಗೆ ಅಂಗಡಿಗೇ ನಡೆದು ಬಂದು, ಗಿರಾಕಿಗಳ ನಡುವೆ ಕುರ್ಚಿ ಎಳೆದುಕೊಂಡು ಕೂತು, "ಲೇ, ಸಣ್ಣದೆಲ್ಲ ಚೆನ್ನಾಗಿ ಕಾಣಂಗೆ ಒಂದು ಮಾಡ್ಕೊಡು. ಮೊಸಳೆ ಬಾಯಿ ತೆಗ್ದೈತೋ ಮುಚ್ಕಂಡೈತೋ ಒಂದೂ ಗೊತ್ತಾಗಕಿಲ್ಲ" ಎಂದಳು.

ಮೊಸಳೆಯ ಹಿನ್ನೆಲೆಯನ್ನು ಹೇಳಿಬಿಡುತ್ತೇನೆ. ನನ್ನ ಮಗಳು ಇಂಚರ ಸ್ಕೂಲಿನಿಂದ ಬಂದೊಡನೆ ಟಿವಿಯಲ್ಲಿ 'ಗುಡುಗು ಕರಡಿ' ಎಂಬ ಕಾರ್ಟೂನು ನೋಡುತ್ತಾಳೆ. ಅದರ ನಾಯಕನಾದ ಕರಡಿ ಜೇನಿನ ಆಸೆಗೆ ದಿನವೂ ಒಂದೊಂದು ಪೇಚಿಗೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡಾಗಲೂ ನಾವು ನೀವು ಆಡದ ಶುದ್ಧ ಗ್ರಾಂಥಿಕ ಕನ್ನಡದಲ್ಲಿ ಗೋಳಾಡುತ್ತದೆ. ಆ ಕಾರ್ಟೂನಿನದೇ ಒಂದು ಆಟ ನನ್ನ ಫೋನಿಗೂ ಬಂದು ಕೂತಿತು. ಮೊಸಳೆಗಳ ಬೆನ್ನ ಮೇಲೆ ಕುಪ್ಪಳಿಸುತ್ತ ಕರಡಿಯನ್ನು ಹೊಳೆ ದಾಟಿಸಬೇಕು. ಕರಡಿಗಿರುವುದು ಮೂರೇ ಜೀವ. ಮೂರೂ ಹೋದರೆ, "ಗೆಳೆಯರೇ, ನನ್ನ ಪ್ರಾಣಪಕ್ಷಿ ಹಾರಿಹೋಯಿತು! ದಯವಿಟ್ಟು ಒಂದು ಜೀವವನ್ನು ದಯಪಾಲಿಸಿ!" ಎಂದು ಅದು ಅಂಗಲಾಚುತ್ತದೆ. ಆಗ ಇದೇ ಆಟ ಆಡುವ ಬೇರೊಬ್ಬರು ತಮ್ಮ ಫೋನಿನಿಂದ ಜೀವ ಕಳಿಸಿದರೆ ಮಾತ್ರ ಅದು ಅಂದೇ ಮತ್ತೆ ಎದ್ದು ನಿಲ್ಲುತ್ತದೆ; ಇಲ್ಲದಿದ್ದರೆ ಮೂರು ಜೀವ ಮರಳಲು ಮರುದಿನದವರೆಗೆ ಕಾಯಬೇಕು.

ಮೊಮ್ಮಗಳ ಪಕ್ಕ ಕೂತು ಇಣುಕುತ್ತಿದ್ದ ಅಮ್ಮ ಯಾವಾಗ ಫೋನನ್ನೇ ಕಿತ್ತುಕೊಂಡಳೋ ತಿಳಿಯದು. "ಸಿದ್ದರಬೆಟ್ಟದ ಕಡೆಯಿಂದ ನಿಜವಾದ ಕರಡಿ ಇಳಿದ್ರೆ ಪಟಾಕಿ ಹೊಡ್ದು ಓಡುಸ್ತೀವಿ. ಈ ಮುಂಡೇದಕ್ಕೆ ನಾನೇ ಕೂತು ಜೇನು ತಿನ್ನುಸ್ತಾ ಇವ್ನಿ ನೋಡು" ಎಂದು ತನ್ನನ್ನು ತಾನೇ ಬೈದುಕೊಳ್ಳುವಳು, ಬೈದುಕೊಳ್ಳುತ್ತಲೇ ಒಲೆಯ ಮೇಲಿನ ಸಾರು ಸೀಯಿಸುವಳು.

ಇಲ್ಲಿ ತೋವಿನಕೆರೆಯ ಪ್ರವೇಶವಾಗುತ್ತದೆ. ಅಲ್ಲಿ ಅಮ್ಮನ ತಂಗಿ, ನನ್ನ ಚಿಕ್ಕಮ್ಮ ಇದ್ದಾಳೆ. ನಮ್ಮ ತಾತ ಬಲು ಮುಂದಾಲೋಚನೆಯವನು. ಹೆಣ್ಣುಮಕ್ಕಳು ಒಂದೇ ಜೀವದಂತಿರಲಿ ಎಂದು ಅಮ್ಮನಿಗೆ ಪಾರ್ವತಿ, ಚಿಕ್ಕಮ್ಮನಿಗೆ ಗಿರಿಜೆ ಎಂದು ಒಬ್ಬಳೇ ದೇವಿಯ ಎರಡು ಹೆಸರಿಟ್ಟ. ಆದರೆ ಆ ಒಂದೇ ದೇವಿ ತನ್ನೊಂದಿಗೆ ತಾನೇ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಕಾರಣ ಕೇಳಿದರೆ ನಗುತ್ತೀರಿ. ಸಂಬಂಧಿಕರ ಮದುವೆಯೊಂದರ ಗ್ರೂಪ್ ಫೋಟೋದಲ್ಲಿ ಚಿಕ್ಕಮ್ಮ ಮುಂದಿನ ಕುರ್ಚಿಯಲ್ಲಿ ಕೂತಳು. ಹಿಂದೆ ನಿಂತ ಅಮ್ಮ ದಪ್ಪನೆಯ ಬೀಗರೊಬ್ಬರ ಮರೆಗೆ ಬಿದ್ದು, ಫೋಟೋದಲ್ಲಿ ಅವಳ ತುರುಬಷ್ಟೇ ಉಳಿಯಿತು. "ಅಕ್ಕ ನಿಂತವ್ಳೆ, ನಾನ್ ಕೂರಬಾರದು ಅನ್ನೋ ಗ್ಯಾನ ಬ್ಯಾಡ್ವಾ?" ಎಂದು ಅಮ್ಮ. "ಕುರ್ಚಿ ಖಾಲಿ ಇತ್ತು, ಕೂತೆ" ಎಂದು ಚಿಕ್ಕಮ್ಮ. ಅಷ್ಟೇ. ಆಮೇಲೆ ಹಬ್ಬ ಹೋದವು, ಮುಂಜಿ ಮದುವೆ ಹೋದವು, ಇವರ ಮಾತು ಮಾತ್ರ ಬರಲಿಲ್ಲ.

ಚಿಕ್ಕಮ್ಮನ ಮೊಮ್ಮಗಳೂ ಅದೇ ಕರಡಿಯ ಭಕ್ತೆ. ಹುಡುಗಿಯರಿಬ್ಬರೂ ಆಟದೊಳಗೆ ಗೆಳತಿಯರಾಗಿದ್ದರು. ಅಲ್ಲಿನ ಅಜ್ಜಿಯೂ ಆಟಕ್ಕಿಳಿದಿದ್ದಾಳೆಂದು ಮಾತ್ರ ನಮಗೆ ಗೊತ್ತಿರಲಿಲ್ಲ. ಒಂದು ಸಂಜೆ ಅಮ್ಮನ ಕರಡಿ ಸತ್ತು ಬಿದ್ದು ಜೀವಕ್ಕಾಗಿ ಅಂಗಲಾಚುತ್ತಿದ್ದಾಗ ಪರದೆಯ ಮೇಲೆ 'ಗಿರಿಜಜ್ಜಿ ನಿಮಗೊಂದು ಜೀವ ಕಳಿಸಿದ್ದಾರೆ' ಎಂದು ಬಂತು. ಇಂಚರ ಅದನ್ನು ಗಟ್ಟಿಯಾಗಿ ಓದಿದಳು. ಅಮ್ಮ ಬೇಡವೆನ್ನುತ್ತಾಳೆ ಎಂದುಕೊಂಡೆ. "ತಗೊ ತಗೊ. ಕರಡಿ ಏನ್ ಪಾಪ ಮಾಡೈತೆ?" ಎಂದಳು. ಮರುದಿನ ಇಲ್ಲಿಂದ ಒಂದು ಜೀವ ಅಲ್ಲಿಗೆ ಹೋಯಿತು. ಆಮೇಲೆ ಅದೊಂದು ನಿತ್ಯವ್ರತವೇ ಆಯಿತು.

ನೀವೇ ಹೇಳಿ, ನಾವು ಕನ್ನಡದವರು ಜೀವದ ವಿಷಯದಲ್ಲಿ ಎಷ್ಟು ಧಾರಾಳಿಗಳು! ಜೀವ ತಿನ್ನಬೇಡ ಎನ್ನುತ್ತೇವೆ, ಜೀವ ಹಿಂಡಬೇಡ ಎನ್ನುತ್ತೇವೆ, ಅವಳೆಂದರೆ ನನಗೆ ಜೀವ ಎನ್ನುತ್ತೇವೆ, ಜೀವಕ್ಕೆ ಜೀವ ಕೊಡುತ್ತೇನೆಂದು ಎದೆ ತಟ್ಟಿಕೊಳ್ಳುತ್ತೇವೆ. ನಿಜಕ್ಕೂ ಕೊಟ್ಟವರನ್ನು ನಾನು ಕಂಡಿರಲಿಲ್ಲ. ಈಗ ನೋಡಿದರೆ 'ಚೆನ್ನಾಗಿದ್ದೀಯಾ' ಎಂಬ ಒಂದು ಮಾತು ಆಡಲಾರದ ಇಬ್ಬರು ಮುದುಕಿಯರು, ಅದಕ್ಕಿಂತ ಜೀವವನ್ನೇ ಕೊಡುವುದು ಸುಲಭವೆಂದು ಕೊಟ್ಟು ತೆಗೆದುಕೊಳ್ಳುತ್ತಿದ್ದರು.

ಒಂದು ವಾರ ತೋವಿನಕೆರೆಯಿಂದ ಜೀವ ಬರಲಿಲ್ಲ. ಅಮ್ಮ ಮೊದಲು ಗೊಣಗಿದಳು, ಕೊನೆಗೆ ಒಂದು ಬೆಳಿಗ್ಗೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಳು. "ಅವ್ಳಿಗೇನೋ ಆಗೈತೆ. ನಡಿ." ಫೋನ್ ಮಾಡಿ ಕೇಳೋಣ ಎಂದರೆ, "ನಾನು ಅವಳ ಜೊತೆ ಮಾತಾಡಕಿಲ್ಲ ಅಂತ ಗೊತ್ತಿಲ್ವಾ ನಿಂಗೆ?" ಎಂದಳು. ಮಾತಾಡದವಳನ್ನು ನೋಡಲು ಹೊರಟಿದ್ದೇವೆ ಎಂಬುದನ್ನು ನೆನಪಿಸುವ ಧೈರ್ಯ ನನಗಾಗಲಿಲ್ಲ.

ಪಾವಗಡದಿಂದ ಬಂದ ಬಸ್ಸು ಹತ್ತಿ ಕೊರಟಗೆರೆಯ ಕಡೆ ಹೊರಟೆವು. ಚಿಂತೆ ತಡೆಯಲಾರದೆ ಅಮ್ಮ ಹೊಸ ಕನ್ನಡಕ ಏರಿಸಿ, ನನ್ನ ಫೋನು ಇಸಕೊಂಡು ಕರಡಿಯನ್ನು ಹೊಳೆಗಿಳಿಸಿದಳು. ಬಸ್ಸು ರಸ್ತೆಯ ಹಂಪೊಂದರ ಮೇಲೆ ಎಗರಿದ್ದೇ ತಡ, "ಅಯ್ಯೋ ಶಿವನೇ! ಮೂರು ಜೀವಾನೂ ನೀರುಪಾಲಾಯ್ತಲ್ಲೋ!" ಎಂದು ಚೀರಿದಳು.

ಬಸ್ಸಿನವರೆಲ್ಲ ಇತ್ತ ತಿರುಗಿದರು. ಮುಂದಿನ ಸೀಟಿನ ಪಾವಗಡದ ಕಡೆಯ ಹೆಂಗಸು ತಿರುಗಿ, ಅರ್ಧ ತೆಲುಗಿನಲ್ಲಿ, "ಅಯ್ಯೋ ಪಾಪಂ! ಎವರಮ್ಮಾ, ನಿಮ್ಮೋರಾ?" ಎಂದು ಅಮ್ಮನ ಕೈ ಹಿಡಿದಳು. ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿ ಓಡಿಬಂದ.

"ಎಲ್ಲಿ ಮುಳುಗಿದ್ದಮ್ಮ? ಯಾವ ಕೆರೇಲಿ?"

"ಇಬ್ರು ಮುಳುಗಿದ್ರು. ಒಬ್ಬನ್ನ ಮೊಸಳೆ ತಿಂತು" ಎಂದಳು ಅಮ್ಮ, ಪರದೆಯಿಂದ ಕಣ್ಣೆತ್ತದೆ.

ಕಂಡಕ್ಟರ್ ತಲೆ ಕೆರೆದುಕೊಂಡ. "ಮೊಸಳೇನಾ? ನಮ್ ಕಡೆ ಎಮ್ಮೆ ಮೈ ತೊಳೆಯಾಕೇ ನೀರಿಲ್ಲ, ಮೊಸಳೆ ಎಲ್ಲಿಂದ ಬಂತು?"

ನಾನು ನಾಚಿಕೆಯಿಂದ ಕುಗ್ಗಿ ವಿಷಯ ಬಿಡಿಸಿ ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿದ್ದರೆ, ಆತ ಬಗ್ಗಿ ಫೋನನ್ನು ನೋಡಿ, "ಗುಡುಗು ಕರಡಿನಾ? ನಮ್ಮನೇಲೂ ಇದೇ ಗೋಳು. ಆ ಕೊನೇ ಮೊಸಳೆ ಬಾಯಿ ಮುಚ್ಚೋವರ್ಗೂ ತಡೀಬೇಕು ಕಣಮ್ಮ" ಎಂದು ಸಲಹೆ ಕೊಟ್ಟು ಸೀಟಿ ಊದಿದ. ಪಾವಗಡದ ಹೆಂಗಸು ಮಾತ್ರ ಇಳಿಯುವವರೆಗೂ ಅಮ್ಮನ ಕೈ ಬಿಡಲಿಲ್ಲ.

ಕೊರಟಗೆರೆಯಲ್ಲಿ ಬಸ್ಸು ಬದಲಿಸಿ ತೋವಿನಕೆರೆ ಮುಟ್ಟಿದಾಗ ಚಿಕ್ಕಮ್ಮ ಜಗಲಿಯಲ್ಲಿ ಗುಂಡುಕಲ್ಲಿನಂತೆ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದಳು. ಮೈಗೆ ಏನೂ ಆಗಿರಲಿಲ್ಲ. ಅಮ್ಮ ಅಂಗಳದಲ್ಲೇ ನಿಂತಳು. ಮೊದಲು ಮಾತಾಡುವವರಾರು ಎಂದು ನಾನು ಇಬ್ಬರನ್ನೂ ನೋಡಿದೆ.

"ಫೋನ್ ಕೆಟ್ಟೋಗಿತ್ತಾ?" ಎಂದಳು ಅಮ್ಮ.

"ಇಲ್ಲ."

"ಜೀವ ಇರಲಿಲ್ವಾ?"

"ರಾಶಿ ಬಿದ್ದೈತೆ" ಎಂದಳು ಚಿಕ್ಕಮ್ಮ, ಕುಟ್ಟುವ ಕಲ್ಲನ್ನು ಕೆಳಗಿಡದೆ. "ಕಳುಸ್ತಾನೇ ಇದ್ದಿದ್ರೆ ನೀನ್ ಬತ್ತಿದ್ದಾ ಅಕ್ಕ?"

"ಸತ್ತೋಗಿದ್ದೀಯ ಅಂದ್ಕಂಡು ಬಂದೆ ಕಣೇ, ಮನೆಹಾಳಿ! ಬೆಳಿಗ್ಗೆಯಿಂದ ಒಂದ್ ತೊಟ್ಟು ಕಾಫಿ ಕುಡ್ದಿಲ್ಲ."

"ಬಾ, ಕುಡಿವಂತೆ. ಕೂತ್ಕ ಮೊದಲು" ಎಂದು ಚಿಕ್ಕಮ್ಮ ಸರಿದು ಜಾಗ ಮಾಡಿದಳು.

ಕಾಫಿಯಾಯಿತು, ಊಟವಾಯಿತು, ಹೊತ್ತು ಇಳಿಯಿತು. ಬಸ್ಸಿಗೆ ಹೊತ್ತಾಯಿತೆಂದು ನಾನು ಎದ್ದರೆ ಅಮ್ಮ, "ನೀನ್ ನಡಿ, ನಾನು ಆಮ್ಯಾಕೆ ಬತ್ತೀನಿ" ಎಂದಳು. ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ಜೇಬು ತಡವಿದೆ. ಫೋನು ಅಲ್ಲೇ ಉಳಿದಿತ್ತು. ಹಿಂದಿರುಗಿದೆ. ಇಬ್ಬರೂ ಹುಣಸೆರಾಶಿಯ ಎರಡು ಬದಿಗೆ ಕೂತು, ತಮ್ಮ ಅವ್ವ ಹಣ್ಣಿನ ಉಂಡೆಗೆ ಉಪ್ಪು ಹಾಕಿ ಕಟ್ಟುತ್ತಿದ್ದಳೋ ಹಾಕದೆಯೋ ಎಂದು ಊರು ಕೇಳುವಂತೆ ಜಗಳವಾಡುತ್ತಿದ್ದರು. ಫೋನು ಹುಣಸೆಯ ಸಿಪ್ಪೆಯಡಿ ಅರ್ಧ ಹೂತುಹೋಗಿ ಒಂದು ಜೀವಕ್ಕಾಗಿ ಅಂಗಲಾಚುತ್ತಿತ್ತು. ಸಿಪ್ಪೆ ಕೊಡವಿ ಅದನ್ನು ಎತ್ತಿಕೊಂಡೆ. ನಾನು ಬಂದದ್ದೂ ಹೋದದ್ದೂ ಇಬ್ಬರಿಗೂ ತಿಳಿಯಲಿಲ್ಲ.