ಎಣಿಕೆ ಸರಿಯಿತ್ತು

ಪ್ರೇತ, ಮಾಯೆ ಎಂದೆಲ್ಲ ಯಾರಾದರೂ ಶುರು ಮಾಡಿದರೆ ನಾನು ಮಧ್ಯದಲ್ಲೇ ತಡೆದು ಕೇಳುತ್ತಿದ್ದೆ: ಕಣ್ಣಾರೆ ಕಂಡವರು ಯಾರು, ರಿಪೋರ್ಟ್ ಎಲ್ಲಿ? ಊರಿನ ದೈವಕ್ಕೆ ಕೈಮುಗಿಯುತ್ತೇನೆ, ಅದು ಬೇರೆ ಮಾತು. ಉಳಿದದ್ದೆಲ್ಲ ಬೊಗಳೆ ಎಂದೇ ನನ್ನ ಲೆಕ್ಕ. ನನ್ನ ಕೆಲಸವೂ ಅಂಥದ್ದು. ಕತಾರಿನ ಅಲ್ ಖೋರ್‌ನಲ್ಲಿ ಮನೆ, ಅಲ್ಲಿಂದ ದಿನಾ ಬಸ್ಸಿನಲ್ಲಿ ಹೋಗುವುದು ಒಂದು ಗ್ಯಾಸ್ ಪ್ಲಾಂಟಿಗೆ, ಸೇಫ್ಟಿ ಆಫೀಸರ್ ಆಗಿ. ಸೈರನ್ ಆದಾಗ ಹೊರಗೆ ಬಂದವರ ತಲೆ ಎಣಿಸುವುದು ನನ್ನ ಜವಾಬ್ದಾರಿ. ಹನ್ನೊಂದು ವರ್ಷದಲ್ಲಿ ಒಂದು ತಲೆಯೂ ತಪ್ಪಿರಲಿಲ್ಲ.

ಮೂರು ವರ್ಷದ ಹಿಂದೆ ಅಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಅದೇ ಹೊತ್ತಿಗೆ ನಮ್ಮ ಬಿಲ್ಡಿಂಗಿನವರೊಬ್ಬರು ಗ್ರೀಸ್ ದೇಶದ ಯಾವುದೋ ದ್ವೀಪ ಸುತ್ತಿ ಬಂದು, ಅಲ್ಲಿನ ಕಡಲು, ಹಳ್ಳಿ, ಮುರಿದ ಕಂಬಗಳ ಫೋಟೋ ತೋರಿಸಿ ತಲೆ ತಿಂದಿದ್ದರು. ಕಡಲೂ ಪಾಳುಬಿದ್ದ ಹಳ್ಳಿಯೂ ನಮಗೆ ಇಲ್ಲೇ ಇಲ್ವಾ ಎಂದು ನಾವು ನಾಲ್ಕು ಮನೆಯವರು ಒಂದು ಶುಕ್ರವಾರ ಬಾಡಿಗೆ ಬಸ್ಸು ಮಾಡಿ ಉತ್ತರಕ್ಕೆ ಹೊರಟೆವು. ಡ್ರೈವರ್ ಬಿಟ್ಟು ಹದಿನಾಲ್ಕು ಜನ.

ಅದು ಮೀನುಗಾರರು ಬಿಟ್ಟುಹೋದ ಹಳ್ಳಿ. ಮಾಡು ಕುಸಿದ ಮನೆಗಳು, ಒಂದು ಮಸೀದಿಯ ಗೋಪುರ, ಆಚೆ ಮೊಣಕಾಲುದ್ದದ ನೀರು. ಅಮ್ಮ ಮನೆಯಿಂದ ಮನೆಗೆ ಹೋಗಿ ಒಲೆ ಎಲ್ಲಿತ್ತು, ಬಲೆ ಎಲ್ಲಿಡುತ್ತಿದ್ದರು ಎಂದು ಹುಡುಕಿದಳು. ಇಷ್ಟು ಒಳ್ಳೆಯ ಜಾಗ ಬಿಟ್ಟು ಹೋಗಲು ಮನಸ್ಸಾದರೂ ಹೇಗೆ ಬಂತೋ ಎಂದು ಅವಳಿಗೆ ಬೇಜಾರು.

ಮಧ್ಯಾಹ್ನ ಮೂರೂವರೆಗೆ ಹೊರಟೆವು. ಅಭ್ಯಾಸಬಲ, ಬಸ್ಸಿನ ಹಿಂದಿನಿಂದ ಒಂದೊಂದೇ ಸೀಟು ಮುಟ್ಟುತ್ತ ಎಣಿಸಿಕೊಂಡು ಬಂದೆ. ಎರಡನೇ ಸಾಲಿನ ಕಿಟಕಿ ಪಕ್ಕ ಅಮ್ಮ, ತಲೆ ತುಂಬ ಬೂದು ಶಾಲು ಹೊದ್ದು ಹೊರಗೆ ನೋಡುತ್ತಿದ್ದಳು. ಬಾಗಿಲಲ್ಲಿ ನಿಂತು, ನನ್ನನ್ನೂ ಸೇರಿಸಿ ಗಟ್ಟಿಯಾಗಿ ‘ಹದಿನಾಲ್ಕು’ ಎಂದೆ. ಮಲಯಾಳಿ ಡ್ರೈವರ್ “ಖಲಾಸ್?” ಎಂದು ಕೇಳಿದ. ಖಲಾಸ್ ಎಂದು ಬಾಗಿಲು ಎಳೆದುಕೊಂಡೆ.

ಇಪ್ಪತ್ತು ನಿಮಿಷವಾಗಿರಬೇಕು. ಹಿಂದಿನ ಸೀಟಿನಲ್ಲಿದ್ದ ನನ್ನ ಹೆಂಡತಿ ಅಮ್ಮನಿಗೆ ಮಾತ್ರೆ ಕೊಡಲೆಂದು ಮುಂದೆ ಬಗ್ಗಿದವಳು, “ರೀ, ಅತ್ತೆ ಎಲ್ಲಿ?” ಎಂದಳು.

ಸೀಟು ಖಾಲಿ. ಬಸ್ಸು ಎಲ್ಲಿಯೂ ನಿಂತಿರಲಿಲ್ಲ. ಮತ್ತೆ ಎಣಿಸಿದೆ, ಹದಿಮೂರು. ಅಮ್ಮನಿಗೆ ಸಕ್ಕರೆ ಕಾಯಿಲೆ. ಕೈಯಲ್ಲಿ ಫೋನಿಲ್ಲ, ನೀರಿಲ್ಲ, ಅರೇಬಿಕ್‌ನ ಒಂದು ಅಕ್ಷರ ಬಾರದು. ಬಸ್ಸು ತಿರುಗಿಸಿ ಹೋಗುವಾಗ ಹೆಂಡತಿ ಅಳುತ್ತಲೇ ಹೇಳಿದಳು: ಹತ್ತಿದ ಕೂಡಲೇ ಕಾಲು ನೋವುಂಟಾ ಎಂದು ಅತ್ತೆಯನ್ನು ಕೇಳಿದ್ದಳಂತೆ, ಶಾಲಿನೊಳಗಿಂದಲೇ ತಲೆ ಅಲ್ಲಾಡಿತಂತೆ.

ಅಮ್ಮ ಅಲ್ಲೇ ಇದ್ದಳು. ಬಸ್ಸು ಮೊದಲು ನಿಂತಿದ್ದ ಜಾಗದಲ್ಲೇ, ಚಕ್ರದ ಗುರುತಿನ ಪಕ್ಕ, ಅದೇ ಬೂದು ಶಾಲು ಹೊದ್ದು ನಿಂತಿದ್ದಳು. ಅಳು ಇರಲಿಲ್ಲ. ಓಡಿಹೋಗಿ ಕೈ ಹಿಡಿದು, ಎಲ್ಲಿ ಹೋಗಿದ್ದೆ ಎಂದು ಗದರಿಸಿಯೇ ಕೇಳಿದೆ. ಹೆದರಿಕೆಯಾದಾಗ ನನಗೆ ಸಿಟ್ಟು ಬರುತ್ತದೆ.

ನಮ್ಮದು ತುಳು, ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: “ನಾನೆಲ್ಲಿಗೆ ಹೋಗುವುದು ಮಗಾ? ಬಾಗಿಲಿನವರೆಗೆ ಬಂದಿದ್ದೆನಲ್ಲ. ನೀನು ನನ್ನ ಮುಖವನ್ನೇ ನೋಡಿ ಹದಿನಾಲ್ಕು ಅಂದೆ, ಬಾಗಿಲು ಹಾಕಿದೆ.”

ದೇವರಾಣೆ, ಬಾಗಿಲ ಹೊರಗೆ ಯಾರೂ ಇರಲಿಲ್ಲ. ಕನ್ನಡಿಯಲ್ಲೂ ಯಾರೂ ಕಂಡಿಲ್ಲವೆಂದು ಡ್ರೈವರ್ ತನ್ನ ಮಕ್ಕಳ ಮೇಲೆ ಆಣೆ ಇಟ್ಟ. ಆದರೆ ನಾನು ಅಂದ ಅಂಕೆ ಅಮ್ಮನಿಗೆ ಹೇಗೆ ಕೇಳಿಸಿತು? ಮನಸ್ಸು ನಂಬಿದ್ದನ್ನೇ ಕಣ್ಣು ಕಾಣುತ್ತದೆ ಎಂದು ತರಬೇತಿಯಲ್ಲಿ ನಾನೇ ಹೇಳಿಕೊಡುತ್ತೇನೆ. ನನ್ನ ಮಟ್ಟಿಗೆ ಹಾಗೇ ಆಗಿರಲಿ. ಹೆಂಡತಿಗೆ ತಲೆ ಅಲ್ಲಾಡಿಸಿದ್ದು ಯಾರು?

ಅವಳ ಸೀಟಿನಲ್ಲಿ ಅವಳಂತೆಯೇ ಯಾರೋ ಕೂತಿದ್ದ ವಿಷಯ ಎಷ್ಟು ಹೇಳಿದರೂ ಅಮ್ಮ ಒಪ್ಪಲಿಲ್ಲ. ಸೊಸೆಯ ಜೊತೆ ಚೆನ್ನಾಗಿಯೇ ಇದ್ದಳು, ನನಗೂ ಬಡಿಸಿದಳು, ಆದರೆ ಎರಡು ತಿಂಗಳಿಗೆಂದು ಬಂದವಳು ಮೂರನೇ ವಾರಕ್ಕೆ ಟಿಕೆಟ್ ಬದಲಿಸಲು ಹೇಳಿದಳು. ಬೇಡವೆಂದು ನಾನು ಎಷ್ಟು ಗೋಗರೆದರೂ ಕೇಳಲಿಲ್ಲ.

ಏರ್‌ಪೋರ್ಟಿನಲ್ಲಿ ಒಳಗೆ ಹೋಗುವ ಮುಂಚೆ ನನ್ನ ಕೆನ್ನೆ ಸವರಿ ಮೆಲ್ಲಗೆ ಹೇಳಿದಳು: “ಆವತ್ತು ಬಸ್ಸಿನಲ್ಲಿ ಜಾಗ ಇರಲಿಲ್ಲ ಅಂತ ಹೇಳಿಬಿಡು ಮಗಾ. ನಾನು ನಂಬ್ತೇನೆ.”

ಇಪ್ಪತ್ತಾರು ಸೀಟಿನ ಬಸ್ಸು ಅದು. ಆ ಒಂದು ಸುಳ್ಳು ನನ್ನ ಬಾಯಿಂದ ಹೊರಡಲಿಲ್ಲ. ಅವಳು ಬ್ಯಾಗು ಎಳೆದುಕೊಂಡು ಒಳಗೆ ನಡೆದಳು.