ಹಳದಿ ಬಣ್ಣದ ಚೀಟಿ

ಬಿಡದಿಯ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ ಚೀಟಿಗಳಿಗೆ ಬಣ್ಣ ಹಚ್ಚುವುದು ಎಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದರು. ಸುಳ್ಳೇನಲ್ಲ. ಯಂತ್ರದ ರಿಪೇರಿಯಿರಲಿ, ಬದಲಾವಣೆಯಿರಲಿ, ಪ್ರತಿ ಕೆಲಸಕ್ಕೂ ಒಂದು ಚೀಟಿ. ಎರಡು ವಾರಕ್ಕೊಮ್ಮೆ ನಮ್ಮ ತಂಡ ಬೋರ್ಡಿನ ಮುಂದೆ ನಿಂತು, ಯಾವ ಕೆಲಸದಿಂದ ಯಾವ ಬಗೆಯ ಲಾಭ ಎಂದು ವಿಂಗಡಿಸಬೇಕು. ಗಿರಾಕಿಗೆ ಉಪಯೋಗವಾದರೆ ಹಸಿರು, ಖರ್ಚು ಉಳಿಸಿದರೆ ನೀಲಿ, ಅಪಾಯ ತಪ್ಪಿಸಿದರೆ ಕೆಂಪು, ಕೆಲಸಗಾರರ ಅನುಕೂಲಕ್ಕಾದರೆ ಹಳದಿ. ಒಂದು ಚೀಟಿಗೆ ಒಂದೇ ಬಣ್ಣ. ಹಳದಿಯದು ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುವ ಪಾಡು. ಅದರ ಸರದಿ ಬರುವಷ್ಟರಲ್ಲಿ ಹೊಸ ಚೀಟಿಗಳಿಂದ ಬೋರ್ಡು ಮತ್ತೆ ಹಸಿರಾಗಿರುತ್ತಿತ್ತು. ವಿಂಗಡಿಸುವುದರಲ್ಲಿ ನನ್ನದು ಎತ್ತಿದ ಕೈ ಎಂಬ ಜಂಬವೂ ನನಗಿತ್ತು.

ಒಂದು ದಿನ ಮರಳವಾಡಿ ಕಡೆಯ ಪ್ರೆಸ್ ಆಪರೇಟರ್ ಒಬ್ಬರು ಬಂದು ಬಾಗಿಲಲ್ಲೇ ನಿಂತರು. ಅವರ ಹಳೇ ಪ್ರೆಸ್ಸಿಗೆ ಎರಡು ಗುಂಡಿ. ಎರಡು ಕೈಯಿಂದಲೂ ಒಟ್ಟಿಗೆ ಒತ್ತಿದರೆ ಮಾತ್ರ ತಗಡಿನ ಮೇಲೆ ಅಚ್ಚು ಇಳಿಯುತ್ತದೆ. ಕೈ ಒಳಗೆ ಸಿಕ್ಕಿಕೊಳ್ಳಬಾರದೆಂದೇ ಆ ಏರ್ಪಾಡು.

"ಎಡಗಡೆ ಗುಂಡಿ ಬಿಗಿಯಾಗೈತೆ ಮೇಡಂ. ನಾಕ್ ಸಲ ಒತ್ತುದ್ರೆ ಒಂದ್ ಸಲ ತಗೊಳ್ತದೆ. ಕೈ ಸೋತೋಯ್ತದೆ. ಕೆಲವ್ರು ಅದ್ಕೆ ಏನಾರಾ ಸಿಗ್ಸಿ ಒಂದೇ ಕೈಲಿ ಓಡುಸ್ತಾವ್ರೆ. ಕೈ ಒಳಗಿದ್ದಾಗ ಇಳುದ್ರೆ ಕತೆ ಮುಗೀತು. ಒಸಿ ನೋಡಿ."

ಕೈ ಸೋಲುತ್ತದೆ ಎಂದದ್ದನ್ನು ಬರೆದುಕೊಂಡೆ. ಮಿಕ್ಕದ್ದು ಕೇಳಿಸಿತು, ಬರೆಯಲಿಲ್ಲ. 'ಗುಂಡಿ ಬಿಗಿ, ಆಪರೇಟರಿಗೆ ಆಯಾಸ.' ಹಳದಿ ಅಂಟಿಸಿದೆ. ಮೂರು ಸಭೆ ಕಳೆದರೂ ಯಾರೂ ಅದನ್ನು ಮುಟ್ಟಲಿಲ್ಲ.

ಟಾರ್ಗೆಟ್ ಮುಟ್ಟಲಿಲ್ಲವೆಂದು ಸೂಪರ್‌ವೈಸರ್ ಬೈಯುತ್ತಲೇ ಇದ್ದರು. ಕೊನೆಗೆ ಆ ಆಪರೇಟರೂ ಚನ್ನಪಟ್ಟಣದಲ್ಲಿದ್ದ ತಮ್ಮ ಭಾವಮೈದುನನಿಗೆ ಅಳತೆ ಕೊಟ್ಟು ಒಂದು ಮರದ ಬೆಣೆ ಮಾಡಿಸಿಕೊಂಡು ಬಂದರು. ಗೊಂಬೆ ಮಾಡಿ ಪಳಗಿದ ಕೈ. ಬೆಣೆ ಗುಂಡಿಯ ಮೇಲೆ ಅಲುಗಾಡದೆ ಕೂತಿತು. ಎಡಗೈಗೆ ಬಿಡುವಾಯಿತು. ಬಿಡುವಾದ ಕೈ ತಗಡು ಸರಿಮಾಡಲು ಒಳಗೆ ಹೋಯಿತು. ಮೂರು ಬೆರಳು ಹೋದವು.

ವಿಚಾರಣೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಅಪಾಯವಿದೆ ಎಂದು ಆತ ಮೊದಲೇ ಹೇಳಿದ್ದನೇ? ಹೇಳಿದ್ದರೆ ತಪ್ಪು ಕಾರ್ಖಾನೆಯದು. ಇಲ್ಲವಾದರೆ ಬೆಣೆ ಇಟ್ಟವನದು, ಕೆಲಸವೂ ಹೋಗುತ್ತದೆ. ನನ್ನನ್ನು ಕರೆದು ಕೇಳಿದರು.

"ಅನುಕೂಲಕ್ಕೆಂದು ಒಂದು ಕೋರಿಕೆ ಬಂದಿತ್ತು. ಬೋರ್ಡಿನಲ್ಲಿದೆ" ಎಂದೆ.

ಚೀಟಿ ತರಿಸಿ ನೋಡಿದರು. ಬರಹ ನನ್ನದು, ಬಣ್ಣ ನನ್ನದು. ತಪ್ಪು ಆಪರೇಟರದೇ ಎಂದು ತೀರ್ಮಾನವಾಯಿತು. ನಾನು ಸುಳ್ಳು ಹೇಳಲಿಲ್ಲವಲ್ಲ ಎಂದು ದಿನವೆಲ್ಲ ನನಗೆ ನಾನೇ ಹೇಳಿಕೊಂಡೆ. ಶುದ್ಧ ಹೇಡಿತನ. ಈಗಲೂ ನೆನೆದರೆ ಮೈ ಉರಿಯುತ್ತದೆ.

ತಿಂಗಳ ನಂತರ, ಎಲ್ಲವನ್ನೂ ಹೇಳಿಬಿಡಬೇಕೆಂದೇ ಮರಳವಾಡಿಗೆ ಹೋದೆ. ಅವರು ಜಗಲಿಯಲ್ಲಿ ಕೂತು ಬಲಗೈಯೊಂದರಲ್ಲೇ ಅವರೆಕಾಯಿ ಸುಲಿಯುತ್ತಿದ್ದರು. ಹೆಂಡತಿ ಕಾಫಿ ತಂದುಕೊಟ್ಟರು.

"ನಾನೇ ಸರಿಯಾಗಿ ಹೇಳ್ನಿಲ್ಲ ಕಣಮ್ಮ" ಎಂದರು ಅವರು. "ಅಪಾಯ ಐತೆ ಅಂತ ಬಾಯ್ಬುಟ್ಟು ಹೇಳಿದ್ರೆ ನೀವು ಸುಮ್ಕಿರ್ತಿದ್ರಾ?"

ಅವರು ಬಾಯಿಬಿಟ್ಟೇ ಹೇಳಿದ್ದರು. ಅದು ಗೊತ್ತಿದ್ದವಳು ನಾನೊಬ್ಬಳೇ.

"ಕಾಫಿ ಚೆನ್ನಾಗಿದೆ" ಎಂದೆ.